ಎರಡು ಸಲ ಕರೆದ ಹೆಸರು

ಇಂಗ್ಲೆಂಡಿನ ಡಾರ್ಸೆಟ್ ಸೀಮೆಯ ಹಳ್ಳಿಯೊಂದರ ಚರ್ಚಿನ ಗೋಡೆಗೆ ಒರಗಿ ಟಕ್ ಎಂಬ ಮುದುಕ ಬಸ್ಸಿಗೆ ಕಾಯುತ್ತಿದ್ದ. ಮಧ್ಯಾಹ್ನದ ಬಿಸಿಲಿಗೂ ಜೇನ್ನೊಣಗಳ ಗುಂಯ್‌ಗುಡುವಿಕೆಗೂ ಅವನಿಗೆ ಮಂಪರು ಹತ್ತಿತ್ತು. ಅದರ ನಡುವೆಯೇ ಬೆಂಚಿನ ಮೇಲಿದ್ದ ಅಕ್ಕತಂಗಿಯರ ಮಾತು ತೇಲಿ ಬಂತು. ಇಬ್ಬರಿಗೂ ಎಪ್ಪತ್ತು ದಾಟಿತ್ತು. ತಂಗಿಯ ತೊಡೆಯ ಮೇಲೆ ಚರ್ಚಿನ ಹಳೆಯ ದಾಖಲೆಯ ನಕಲಿತ್ತು.

“ನಮ್ಮ ಮುತ್ತಜ್ಜ ಜೇಬೆಜ್ ಎರಡು ವರ್ಷಕ್ಕೇ ಸತ್ತೋಗಿದಾನೆ, ಹೆಸ್ಟರ್. ಮಣ್ಣು ಮಾಡಿದ ತಾರೀಕು ಇಲ್ಲೇ ಇದೆ.”

“ಆಮೇಲೆ ಎದ್ದು ಬಂದು ಊರವರ ಬೇಲಿಯೆಲ್ಲ ಕಟ್ಟಿ, ಏಳು ಮಕ್ಕಳನ್ನೂ ಮಾಡ್ಕೊಂಡ್ನಾ? ಇನ್ನೂ ಕೆಳಗೆ ನೋಡು.”

“ಮುಂದಿನ ವರ್ಷ ಇನ್ನೊಬ್ಬ ಜೇಬೆಜ್‌ಗೆ ದೀಕ್ಷಾಸ್ನಾನ ಆಗಿದೆ. ಅದೇ ಅಪ್ಪ, ಅದೇ ಅಮ್ಮ.”

“ಅವನೇ ನಮ್ಮೋನು. ಹೋದ ಮಗುವಿನ ಹೆಸರನ್ನ ಆಮೇಲೆ ಹುಟ್ಟಿದ್ದಕ್ಕೆ ಇಡೋರು.”

“ಪಾಪ, ಆ ತಾಯಿ. ಮಗನನ್ನ ಕರೆದಾಗೆಲ್ಲ ಯಾರು ಕಣ್ಮುಂದೆ ಬರ್ತಿದ್ರೋ.”

ಹೆಸ್ಟರ್ ಗೋಡೆಯಾಚೆ ಸಮಾಧಿಗಳ ನಡುವೆ ಬೆಳೆದ ಹುಲ್ಲಿನತ್ತ ತಿರುಗಿದಳು.

“ನಮ್ಮಮ್ಮ ಹಿತ್ತಲ ಬಾಗಿಲಲ್ಲಿ ನಿಂತು ನಿನ್ನನ್ನ ಯಾವಾಗ್ಲೂ ಎರಡೆರಡು ಸಲ ಕರೀತಿದ್ಲು. ನೆನಪಿದ್ಯಾ?”

“ಇಲ್ದೇ ಏನು. ನಂಗೆ ಕಿವಿ ಮಂದ ಅಂತ ನೀನು ಆಡ್ಕೋತಿದ್ದೆ.”

“ನಿನ್ನ ಕಿವಿ ಚೆನ್ನಾಗೇ ಇತ್ತು, ಏವರಿಲ್.”

ಬಸ್ಸು ಬಂದು ನಿಂತಿತು. ತಂಗಿ ಕಾಗದವನ್ನು ಮಡಚುವುದನ್ನೂ ಮರೆತು ಎದ್ದಳು. ಮೆಟ್ಟಿಲ ಬಳಿ ಅವಳು ಅಕ್ಕನ ತೋಳು ಹಿಡಿದು ಮೆಲ್ಲಗೆ ಕೇಳಿದ್ದು ಟಕ್‌ನ ಕಿವಿಗೂ ಬಿತ್ತು.

“ಮೊದಲ್ನೇ ಏವರಿಲ್‌ಗೆ ಎಷ್ಟು ವಯಸ್ಸಾಗಿತ್ತು?”