ಮಾಂಸದಂಗಡಿಯವನ ಕುಂಬಳಕಾಯಿ

ತರಕಾರಿ ತೂಗಿಸುವ ಸಾಲಿನಲ್ಲಿ ಟೀಚರಮ್ಮನ ಮುಂದೆ ಮಾಂಸದಂಗಡಿಯವನೂ ಅವನ ಅಕ್ಕನೂ ನಿಂತಿದ್ದರು. ಅವನ ತೋಳಲ್ಲಿ ಕೂಸಿನಂಥ ಕುಂಬಳಕಾಯಿ. ಟೀಚರಮ್ಮನ ಕಿವಿ ತಾನಾಗಿಯೇ ಅತ್ತ ವಾಲಿತು.

"ಈಸ್ಟರ್ ಊಟಕ್ಕೆ ಅಷ್ಟು ಜನ ನೆಂಟರು. ಮಾಂಸ ಇಲ್ಲ, ಮೊಟ್ಟೆ ಇಲ್ಲ, ಬೆಣ್ಣೆನೂ ಇಲ್ಲ ಅಂದ್ರೆ ಹೆಂಗೋ?"

"ಅದ್ಯಾವುದನ್ನೂ ಮುಟ್ಟದ ನನ್ನ ಮಗಳು ಹೋದ ವರ್ಷ ಬರೀ ಬ್ರೆಡ್ ತಿಂದು ಎದ್ದಳಲ್ಲಕ್ಕ. ಈ ಸಲ ಎಲ್ಲರಿಗೂ ಅವಳ ಊಟವೇ."

"ನಿಮ್ಮ ಭಾವ ನಗ್ತಾರೆ."

"ನಗಲಿ, ಅವರ ಕೊಲೆಸ್ಟ್ರಾಲಾದ್ರೂ ಇಳಿಯುತ್ತೆ. ಇದರೊಳಗೆ ಅಣಬೆ, ಬೇಳೆ ತುಂಬಿ, ತೊಡೆಮಾಂಸ ಕಟ್ಟಿದ ಹಾಗೇ ದಾರ ಬಿಗೀತೀನಿ. ಮೂವತ್ತು ವರ್ಷ ಪಳಗಿದ ಕೈ ಕಣಕ್ಕ!"

"ಮಗಳು ಒಪ್ತಾಳಾ?"

"ನಿನ್ನೆ ಒಂದು ಮಾಡಿ ಬಡಿಸಿದೆ. ಅವಳೇ ಕೇಳಿ ಎರಡನೇ ಸಲ ಹಾಕಿಸ್ಕೊಂಡ್ಲು."

ಅಕ್ಕ ಪಕ್ಕದ ರಾಶಿಯಿಂದ ಇನ್ನೊಂದು ಕುಂಬಳಕಾಯಿ ಎತ್ತಿಕೊಂಡಳು.

"ಹಾಗಾದ್ರೆ ಒಂದು ಯಾವ ಮೂಲೆಗೆ ಸಾಕೋ? ನಡಿ."

ಇಬ್ಬರೂ ತಕ್ಕಡಿಯತ್ತ ಹೊರಟರು.