ಎಡಗಾಲಿಗೆ ಕೆಲಸವಿಲ್ಲದ ಕಾರು

ವ್ಯಾನಿನ ಬ್ರೇಕ್ ರಿಪೇರಿಗೆ ಬಂದಿದ್ದ ಬೇಕರಿಯವಳು ಸರ್ವಿಸ್ ಸೆಂಟರಿನ ಬೆಂಚಿನಲ್ಲಿ ಕಾದು ಕಾದು ಬೇಸತ್ತಿದ್ದಳು. ಪಕ್ಕದಲ್ಲಿದ್ದ ನಡುವಯಸ್ಸಿನ ಗಂಡಹೆಂಡಿರ ಜಗಳ ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಗಾಜಿನಾಚೆ ಅವರ ಎರಡೇ ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು, ಅದರ ಪಕ್ಕ ಅದರದೇ ಹೊಸ ಮಾದರಿ ನಿಂತಿದ್ದವು.

"ಹೊಸದು ತಗೊಂಡ್ಬಿಡೋಣ ರೀ. ಗೇರ್ ಹಾಕೋ ಕೆಲಸ ಇಲ್ಲ, ಕ್ಲಚ್ ಇಲ್ಲ. ನಿಮ್ಮ ಮಂಡಿಗೆ ಆರಾಮ."

"ಅದೊಂದು ಕಾರೇನೇ? ಚಕ್ರ ಹಾಕಿದ ಫ್ರಿಜ್ಜು."

"ಎಡಗಾಲಿಗೆ ಕೆಲಸ ಕೊಡ್ಬೇಡಿ ಅಂತ ಡಾಕ್ಟರು ಹೇಳಿಲ್ವಾ?"

"ಗೇರ್ ಬದಲಾಯಿಸೋ ಸುಖ ಡಾಕ್ಟರಿಗೇನು ಗೊತ್ತು?"

"ಸುಖ ನಿಮ್ಗೆ, ಮಂಡಿಗೆ ಎಣ್ಣೆ ತಿಕ್ಕೋದು ನಾನು."

"ಈಗ ತಾನೆ ಓಡಿಸಿ ನೋಡಿದ್ನಲ್ಲ. ಹಿಡಿಸ್ಲಿಲ್ಲ."

"ಓಡಿಸಿದ್ರಾ? ಕ್ಲಚ್ ಅಂದ್ಕೊಂಡು ಎಡಗಾಲಲ್ಲಿ ಬ್ರೇಕ್ ತುಳಿದ್ರಿ. ಬೆಲ್ಟ್ ಇಲ್ದಿದ್ರೆ ನಾನು ಗಾಜು ಒಡ್ಕೊಂಡು ಆಚೆ ಬೀಳ್ತಿದ್ದೆ."

ಬೇಕರಿಯವಳು ನಗು ನುಂಗಲು ಕೆಮ್ಮಿದಳು.

"ಅಭ್ಯಾಸ ಕಣೇ. ಕಾಲು ತಾನಾಗೇ ಹೋಗತ್ತೆ."

"ಹಳೇದ್ರಲ್ಲಿ ಬೇಕಾದಾಗ ಹೋಗಲ್ವಲ್ಲ! ನಿನ್ನೆ ಸಿಗ್ನಲ್ಲಲ್ಲಿ ಕಾರು ಆಫ್ ಆಗಿ, ಹಿಂದಿನೋರೆಲ್ಲ ಹಾರ್ನ್ ಹೊಡ್ದು ಉಗಿದ್ರು."

ಮೆಕ್ಯಾನಿಕ್ ಬಂದು ಗಂಡನಿಗೆ ಕೀ ಕೊಟ್ಟ. ಅವನು ಬೆಂಚು ಹಿಡಿದು ಹಲ್ಲು ಕಚ್ಚಿ ಎದ್ದ.

"ಕೀ ಇಲ್ಲಿ ಕೊಡಿ, ನಾನು ಓಡಿಸ್ತೀನಿ."

"ನಿಂಗೆ ಗೇರ್ ಬರಲ್ಲ."

"ಕಲಿಸಿದ್ರೆ ತಾನೆ ಬರೋದು? ಮದುವೆಯಾದಾಗಿಂದ ಸ್ಟಿಯರಿಂಗ್ ಮುಟ್ಟೋಕೆ ಬಿಟ್ಟಿದ್ದೀರಾ?"

ಅವನು ಕೀಯನ್ನು ಜೇಬಿಗೆ ಹಾಕಿಕೊಂಡ. "ಬಂದು ಕೂತ್ಕೋ."

"ನೀವೇ ಕೂತ್ಕೊಳ್ಳಿ. ನಾನು ಬಸ್ಸಲ್ಲಿ ಹೋಗ್ತೀನಿ."

ಅವಳು ಬ್ಯಾಗು ಹೆಗಲಿಗೇರಿಸಿ ಹೊರಟೇಬಿಟ್ಟಳು. ಅವನು ಕುಂಟುತ್ತ ಹೋಗಿ ಕೆಂಪು ಕಾರಿನಲ್ಲಿ ಕೂತ. ಎಂಜಿನ್ ಗುಡುಗಿತು, ಕಾರು ಒಮ್ಮೆ ಮುಗ್ಗರಿಸಿ ಆಫ್ ಆಯಿತು. ಗೇಟು ದಾಟುತ್ತಿದ್ದ ಹೆಂಡತಿಗೆ ಅದು ಕೇಳಿಸದೆ ಇರಲು ಸಾಧ್ಯವಿರಲಿಲ್ಲ. ಆದರೆ ಅವಳು ತಿರುಗಿ ನೋಡಲಿಲ್ಲ.