ಸೊನ್ನೆ ಸಿಕ್ಕ ಸರಿ ಉತ್ತರ

ಹಲ್ಲಿನ ಡಾಕ್ಟರ ಬಾಗಿಲಲ್ಲಿ ದರ್ಜಿಯಮ್ಮ ಕೆನ್ನೆ ಒತ್ತಿ ಹಿಡಿದು ಕೂತಿದ್ದಳು. ಬಾಯಿ ತೆರೆಯುವಂತಿರಲಿಲ್ಲ, ಕಿವಿಗೇನೂ ನೋವಿರಲಿಲ್ಲ. ಪಕ್ಕದಲ್ಲಿ ನಿವೃತ್ತ ಫಿಸಿಕ್ಸ್ ಮೇಷ್ಟ್ರು, ಜೊತೆಗೆ ಅವರ ಅಕ್ಕ.

“ಮನೇಲೇ ಕೂತು ಮಾಡೋ ಕೆಲ್ಸ ಹಿಡಿದಿದ್ಯಲ್ಲ, ಏನದು?” ಅಕ್ಕ ಕೇಳಿದರು.

“ಎಐಗೆ ಲೆಕ್ಕ ಕೊಡೋದು. ಅದು ತಪ್ಪು ಮಾಡಿದ್ರೆ ಮಾತ್ರ ಕಂಪನಿಯವ್ರು ನನ್ನ ಲೆಕ್ಕ ತಗೋತಾರೆ.”

“ಫೇಲ್ ಮಾಡ್ಸೋ ಕೆಲ್ಸ. ಮೂವತ್ತು ವರ್ಷ ಕೈ ಪಳಗಿದೆ, ಬಿಡು.” ಅಕ್ಕ ನಕ್ಕರು.

“ಹಳೇ ಪರೀಕ್ಷೇದೊಂದು ಕೊಟ್ಟೆ, ಉರುಳೋ ಚೆಂಡಿಂದು. ಅದು ಬೇರೆ ಉತ್ತರ ಕೊಡ್ತು. ಸಿಕ್ಕಿಬಿತ್ತು ಅಂತ ಕುಣಿದಾಡ್ದೆ.”

“ಆಮೇಲೆ?”

“ಕಂಪನೀಲಿ ತಪಾಸಣೆ ಮಾಡೋರು ವಾಪಸ್ ಕಳ್ಸಿದ್ರು. ತಪ್ಪಿದ್ದು ನನ್ನ ಉತ್ತರ. ಅದು ಬರ್ದಿದ್ದೇ ಸರಿ.”

“ಹೋಗ್ಲಿ, ಒಂದು ಲೆಕ್ಕ ತಾನೆ?”

“ಅದೇ ಉತ್ತರ ಬರ್ದಿದ್ದ ಹುಡುಗಿಗೆ ಆ ಪರೀಕ್ಷೇಲಿ ಸೊನ್ನೆ ಹಾಕಿ ಫೇಲ್ ಮಾಡಿದ್ದೆ, ಅಕ್ಕ. ಫಿಸಿಕ್ಸೇ ಬಿಟ್ಟು ಹೋದ್ಲು.”

ಅಕ್ಕನ ನಗು ನಿಂತಿತು.

“‘ಇನ್ನೊಂದ್ಸಲ ನೋಡಿ ಸಾರ್’ ಅಂತ ಸ್ಟಾಫ್ ರೂಮ್ ತನಕ ಬಂದಿದ್ಲು.”

“ನೋಡಿದ್ಯಾ?”

“ಮೊನ್ನೆ ನೋಡ್ದೆ.”

ಒಳಗಿನಿಂದ ನರ್ಸ್ ಕರೆದಳು. ಅಕ್ಕ ತಮ್ಮನ ತೋಳು ಹಿಡಿದು ಎಬ್ಬಿಸಿ ಒಳಗೆ ಕರೆದುಕೊಂಡು ಹೋದರು.